ಚಳಿಗೆ ಕಾರಿನ ಬಾಗಿಲು ಅಂಟಿಕೊಳ್ಳೋದು ಯಾಕೆ?

ಜನವರಿಯ ಒಂದು ದಿನ, ಬೆಳಗಿನ ಜಾವ ಐದೂವರೆ. ಊಟಿ ಹತ್ತಿರದ ತಲೈಕುಂದಾದಲ್ಲಿ ಒಂದು ಹೋಂಸ್ಟೇ ಅಂಗಳ. ರಿಮೋಟ್ ಒತ್ತಿದೆ. ಇಂಡಿಕೇಟರ್ ಮಿನುಗಿತು, ಲಾಕ್ ಟಕ್ ಅಂತ ಬಿಟ್ಟುಕೊಂಡಿತು. ಹಿಡಿ ಎಳೆದರೆ ಬಾಗಿಲು ಮಾತ್ರ ಬರಲಿಲ್ಲ. ಬಂಡೀಪುರದ ಗೇಟು ಆರಕ್ಕೆ ತೆರೆಯುತ್ತದೆ, ತಡ ಮಾಡದೆ ಕಾಡು ದಾಟಿಬಿಡಬೇಕು ಅನ್ನೋ ಅವಸರ ನನಗೆ. ಕಾಲು ಊರಿ ಇನ್ನೊಮ್ಮೆ ಜೋರಾಗಿ ಎಳೆದೆ. ಹಳೇ ಬಟ್ಟೆ ಹರಿದಂತೆ ಪರ್ರ್ ಅಂತ ಸದ್ದಾಯಿತು. ಬಾಗಿಲು ತೆರೆಯಿತು. ಜೊತೆಗೆ ಒಂದು ಗೇಣು ರಬ್ಬರ್ ಬೀಡಿಂಗ್ ಹರಿದು ಕೈಗೆ ಬಂತು.

ಹೋಂಸ್ಟೇ ನೋಡಿಕೊಳ್ಳುವವರು ಮಫ್ಲರ್ ಸುತ್ತಿಕೊಂಡು ಓಡಿ ಬಂದರು. "ಅಯ್ಯೋ, ಎಳೀಬಾರ್ದು ಸಾರ್. ಮೊದ್ಲು ತಳ್ಬೇಕು" ಅಂದರು. ಆಮೇಲೆ ಒಂದು ನಿಮಿಷ ಕಾರನ್ನೇ ನೋಡಿ, "ನಿನ್ನೆ ಸಂಜೆ ತೊಳೆದ್ರಲ್ಲ, ಅದೇ ತಪ್ಪಾಗಿದ್ದು" ಅಂತ ಸೇರಿಸಿದರು.

ಹೌದು, ತೊಳೆದವನು ನಾನೇ. ದಾರಿಯ ಧೂಳು ಜಾಸ್ತಿ ಆಗಿತ್ತು ಅಂತ ಪೈಪ್ ಹಿಡಿದು, ನಾಲ್ಕೂ ಬಾಗಿಲು ತೆಗೆದು, ಸಂದಿಗೊಂದಿಗೆಲ್ಲ ನೀರು ಬಿಟ್ಟಿದ್ದೆ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವನಿಗೆ ಇದರಲ್ಲಿ ತಪ್ಪೇನು ಅಂತ ಹೊಳೆಯೋದಾದರೂ ಹೇಗೆ? ನಮ್ಮ ಊರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ತಾಪಮಾನವೇ 7.8 ಡಿಗ್ರಿ. ಅದೂ 1884ರ ಜನವರಿ 13ರಂದು. ಇಲ್ಲಿ ಚಳಿಗೆ ಗಟ್ಟಿಯಾಗೋದು ಅಂದರೆ ಬಚ್ಚಲುಮನೆಯ ಕೊಬ್ಬರಿ ಎಣ್ಣೆ ಡಬ್ಬಿ ಒಂದೇ.

ಮನೆಗೆ ಬಂದ ಮೇಲೆ ಇದರ ಹಿಂದೆ ಬಿದ್ದೆ. ತಿಳಿದುಕೊಂಡಿದ್ದರಲ್ಲಿ ಮುಖ್ಯವಾದದ್ದು ಇಷ್ಟು: ಬಾಗಿಲನ್ನು ಅಂಟಿಸೋದು ಚಳಿಯಲ್ಲ, ನೀರು. ಚಳಿಯನ್ನು ನಾವು ತಡೆಯೋಕಾಗಲ್ಲ. ರಬ್ಬರಿನ ಮೇಲೆ ನೀರು ನಿಲ್ಲದ ಹಾಗೆ ಮಾಡಬಹುದು. ಅದನ್ನು ಮಾಡಬೇಕಾದ್ದು ಹಿಂದಿನ ರಾತ್ರಿ.

ಮೊದಲು ಆ ರಬ್ಬರನ್ನೇ ಸ್ವಲ್ಪ ನೋಡೋಣ. ಕಾರಿನ ಬಾಗಿಲು ತೆಗೆದು ಚೌಕಟ್ಟಿನ ಸುತ್ತ ಬೆರಳಾಡಿಸಿ. ಮೆತ್ತಗೆ, ಒಳಗೆ ಟೊಳ್ಳಾದ ಒಂದು ಕೊಳವೆ ಸಿಗುತ್ತದೆ. ಗ್ಯಾರೇಜಿನವರು ಬೀಡಿಂಗ್ ಅನ್ನೋದು ಇದನ್ನೇ. ಬಾಗಿಲು ಹಾಕಿದಾಗ ಇದು ಒತ್ತಿಕೊಂಡು ಗಾಳಿ, ಮಳೆ, ಧೂಳು ಒಳಗೆ ಬಾರದಂತೆ ತಡೆಯುತ್ತದೆ. ಹೆಚ್ಚಿನ ಕಾರುಗಳಲ್ಲಿ ಇದು ಇಪಿಡಿಎಂ ಅನ್ನೋ ಜಾತಿಯ ರಬ್ಬರ್. ಬಿಸಿಲಿಗೂ ಬಗ್ಗಲ್ಲ, ಮೈನಸ್ 40ರ ಹತ್ತಿರ ಹೋದರೂ ಮೆತ್ತಗೇ ಇರುತ್ತದೆ. ಅಂದರೆ ಚಳಿಗೆ ರಬ್ಬರ್ ಸೆಟೆದುಕೊಂಡು ಬಾಗಿಲು ಹಿಡಿಯಿತು ಅನ್ನೋದು ಸುಳ್ಳು.

ತೊಂದರೆ ಇರೋದು ರಬ್ಬರಿಗೂ ಬಾಗಿಲಿನ ತಗಡಿಗೂ ನಡುವೆ. ಬಾಗಿಲು ಮುಚ್ಚಿದ ಮೇಲೆ ಅಲ್ಲಿ ಒದ್ದೆ ಇದ್ದರೆ, ಕಾಗದದಷ್ಟು ತೆಳ್ಳಗಿನ ನೀರಿನ ಪದರ ಸಿಕ್ಕಿಹಾಕಿಕೊಳ್ಳುತ್ತದೆ. ಒಣಗೋಕೆ ಗಾಳಿ ಆಡಲ್ಲ. ರಾತ್ರಿ ತಾಪಮಾನ ಸೊನ್ನೆಗಿಂತ ಕೆಳಗಿಳಿದರೆ ಆ ಪದರ ಮಂಜುಗಡ್ಡೆಯಾಗಿ ಎರಡು ಕಡೆಯನ್ನೂ ಕಚ್ಚಿಕೊಳ್ಳುತ್ತದೆ. ರಬ್ಬರಿನ ಮೈ ನುಣುಪಾಗಿ ಕಂಡರೂ ಅದರಲ್ಲಿ ಸಣ್ಣ ಸಣ್ಣ ಕುಳಿಗಳಿರುತ್ತವೆ. ಕಾರು ಹಳೆಯದಾದಷ್ಟೂ ಅವು ಜಾಸ್ತಿ. ನೀರು ಆ ಕುಳಿಗಳಿಗೆ ಇಳಿದು, ಗಟ್ಟಿಯಾಗಿ, ಬೇರು ಬಿಟ್ಟಂತೆ ಹಿಡಿಯುತ್ತದೆ. ಒಂದು ಬಾಗಿಲಿನ ಸುತ್ತ ಮೂರು ಮೀಟರಿಗೂ ಜಾಸ್ತಿ ರಬ್ಬರ್ ಇರುತ್ತದೆ. ಪ್ರತಿ ಬೆರಳಗಲದ ಹಿಡಿತ ಸಣ್ಣದೇ ಇರಬಹುದು, ಒಟ್ಟಾದರೆ ನಮ್ಮ ತೋಳಿನ ಬಲ ಸಾಲಲ್ಲ. ಹೀಗಿರುವಾಗ ಎಳೆದರೆ ಯಾವುದು ಎಲ್ಲಕ್ಕಿಂತ ಮೆತ್ತಗಿದೆಯೋ ಅದು ಹರಿಯುತ್ತದೆ. ನನ್ನ ಕಾರಿನಲ್ಲಿ ರಬ್ಬರ್ ಹರಿಯಿತು. ಕೆಲವರ ಕಾರಿನಲ್ಲಿ ಹಿಡಿಯೇ ಮುರಿದು ಕೈಗೆ ಬರುತ್ತದೆ.

ಇದನ್ನು ನಂಬೋಕೆ ಊಟಿಗೇ ಹೋಗಬೇಕಾಗಿಲ್ಲ, ಅಡುಗೆಮನೆ ಸಾಕು. ಜೆ.ಸಿ. ರೋಡಿನಲ್ಲಿ ಹೊಸ ಬೀಡಿಂಗ್ ಕೊಂಡು ಹಾಕಿಸಿದ ಮೇಲೆ ಹರಿದ ತುಂಡು ನನ್ನ ಹತ್ತಿರವೇ ಉಳಿದಿತ್ತು. ಅದನ್ನು ಮೂರು ಚೂರು ಮಾಡಿದೆ. ಒಂದನ್ನು ಒಣಗಿಸಿದೆ. ಇನ್ನೊಂದನ್ನು ನೀರಲ್ಲಿ ಅದ್ದಿದೆ. ಮೂರನೆಯದಕ್ಕೆ ಸಿಲಿಕೋನ್ ಸ್ಪ್ರೇ ಒರೆಸಿ, ಅರ್ಧ ಗಂಟೆ ಬಿಟ್ಟು ಅದನ್ನೂ ನೀರಲ್ಲಿ ಅದ್ದಿದೆ. ಮೂರನ್ನೂ ಒಂದು ಸ್ಟೀಲ್ ತಟ್ಟೆಯಲ್ಲಿಟ್ಟು, ಮೇಲೆ ಭಾರಕ್ಕೆ ಚಪಾತಿ ಮಣೆ ಹೇರಿ, ಫ್ರೀಜರಿನಲ್ಲಿ ಹಿತಕಿದ ಅವರೆಬೇಳೆ ಪೊಟ್ಟಣಗಳ ಪಕ್ಕ ತಳ್ಳಿದೆ. ಬೆಳಿಗ್ಗೆ ತೆಗೆದಾಗ ಒಣ ಚೂರು ತಾನಾಗೇ ಜಾರಿ ಬಿತ್ತು. ಒದ್ದೆ ಚೂರನ್ನು ಹಿಡಿದು ಎತ್ತಿದರೆ ತಟ್ಟೆಯೂ ಜೊತೆಗೆ ಎದ್ದು ಬಂತು. ಸಿಲಿಕೋನ್ ಹಚ್ಚಿದ್ದರ ಸುತ್ತ ಮಂಜುಗಡ್ಡೆ ಇತ್ತು, ಆದರೆ ಬೆರಳಲ್ಲಿ ತಳ್ಳಿದ ಕೂಡಲೇ ಬಿಟ್ಟುಕೊಂಡಿತು. ಅವರೆಬೇಳೆ ಪಕ್ಕ ಕಾರಿನ ರಬ್ಬರ್ ಯಾಕಿದೆ ಅಂತ ಮನೆಯಲ್ಲಿ ಬಂದ ಪ್ರಶ್ನೆಗೆ ಉತ್ತರ ಕೊಡೋದೇ ಕಷ್ಟವಾಯಿತು.

ಇನ್ನೊಂದು ಅನುಮಾನ ನಿಮಗೂ ಬರಬಹುದು. ಆ ಬೆಳಿಗ್ಗೆ ನನ್ನ ಫೋನಿನಲ್ಲಿ ತೋರಿಸುತ್ತಿದ್ದದ್ದು 2 ಡಿಗ್ರಿ. ಸೊನ್ನೆಯೂ ಅಲ್ಲ. ಮತ್ತೆ ಕಾರಿನ ಮೇಲೆ ಬಿಳಿ ಪುಡಿ ಚೆಲ್ಲಿದಂತೆ ಇದ್ದದ್ದು ಹೇಗೆ?

ಇದಕ್ಕೆ ಉತ್ತರ ನಮ್ಮ ಬೀದಿಯಲ್ಲೇ ಇದೆ. ಡಿಸೆಂಬರಿನ ಒಂದು ಬೆಳಿಗ್ಗೆ ಮನೆ ಮುಂದೆ ನಿಂತ ಕಾರುಗಳನ್ನು ಗಮನಿಸಿ. ಬಯಲಲ್ಲಿ ನಿಂತ ಕಾರಿನ ಗಾಜು, ಟಾಪು ಎಲ್ಲ ಇಬ್ಬನಿಯಿಂದ ತೊಯ್ದಿರುತ್ತದೆ. ಅದರ ಪಕ್ಕದಲ್ಲೇ ಹೊಂಗೆ ಮರದಡಿ ನಿಂತ ಕಾರು ಹೆಚ್ಚುಕಡಿಮೆ ಒಣಗೇ ಇರುತ್ತದೆ. ಎರಡಕ್ಕೂ ಸುತ್ತಲಿನ ಗಾಳಿ ಒಂದೇ, ಚಳಿ ಒಂದೇ. ವ್ಯತ್ಯಾಸ ತಲೆ ಮೇಲಿನ ಆಕಾಶದ್ದು. ಯಾವುದೇ ವಸ್ತು ರಾತ್ರಿಯಿಡೀ ತನ್ನ ಶಾಖವನ್ನು ಹೊರಗೆ ಸೂಸುತ್ತಲೇ ಇರುತ್ತದೆ. ಮೋಡವಿಲ್ಲದ ಆಕಾಶಕ್ಕೆ ಮುಖ ಮಾಡಿದ ಗಾಜು ಶಾಖ ಕಳೆದುಕೊಳ್ಳುತ್ತಾ ಹೋಗುತ್ತದೆ, ವಾಪಸ್ ಅಷ್ಟು ಸಿಗಲ್ಲ. ಹಾಗಾಗಿ ಅದು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಮರದ ಕೆಳಗಾದರೆ ಎಲೆಗಳು ತಮ್ಮ ಶಾಖವನ್ನು ಕೆಳಕ್ಕೆ ಸೂಸಿ ಆ ನಷ್ಟ ತುಂಬಿಕೊಡುತ್ತವೆ. ಇಬ್ಬನಿಯ ಈ ಲೆಕ್ಕವನ್ನು ವಿಲಿಯಂ ಚಾರ್ಲ್ಸ್ ವೆಲ್ಸ್ ಅನ್ನೋ ವೈದ್ಯ 1814ರಲ್ಲೇ ಬಿಡಿಸಿಟ್ಟಿದ್ದ.

ಬೆಂಗಳೂರಿನಲ್ಲಿ ಇದರಿಂದ ಇಬ್ಬನಿ ಬೀಳುತ್ತದೆ, ಊಟಿಯಲ್ಲಿ ಅದೇ ಇಬ್ಬನಿ ಮಂಜುಗಡ್ಡೆಯಾಗುತ್ತದೆ. ಗಾಳಿ 2–3 ಡಿಗ್ರಿ ಇದ್ದರೂ ಗಾಜು ಸೊನ್ನೆಗಿಂತ ಕೆಳಗಿಳಿದಿರುತ್ತದೆ. ಇದನ್ನೇ ಬಳಸಿಕೊಂಡು ಅಲಹಾಬಾದ್, ಕಲ್ಕತ್ತದ ಕಡೆ ಹಿಂದೆ ಐಸ್ ಮಾಡುತ್ತಿದ್ದರು ಗೊತ್ತಾ? ಚಳಿಗಾಲದ ರಾತ್ರಿ ಬಯಲಿನಲ್ಲಿ ಹುಲ್ಲು ಹಾಸಿ, ಮೇಲೆ ಅಗಲವಾದ ಮಣ್ಣಿನ ತಟ್ಟೆಗಳಲ್ಲಿ ತೆಳ್ಳಗೆ ನೀರು ಹಾಕಿಟ್ಟರೆ ಬೆಳಗಿನ ಹೊತ್ತಿಗೆ ಐಸ್. ರಾಬರ್ಟ್ ಬಾರ್ಕರ್ ಅನ್ನೋ ಇಂಗ್ಲಿಷ್ ಅಧಿಕಾರಿ 1775ರಲ್ಲಿ ಇದನ್ನು ವಿವರವಾಗಿ ಬರೆದಿದ್ದಾನೆ. ನಾನು ತೊಳೆದು ಬಯಲಲ್ಲಿ ನಿಲ್ಲಿಸಿದ ಕಾರು ಅಂಥದ್ದೇ ಒಂದು ದೊಡ್ಡ ತಟ್ಟೆ, ಅಲ್ವಾ?

ಹಾಗಾದರೆ ಹಿಂದಿನ ರಾತ್ರಿ ಏನು ಮಾಡಬೇಕು? ಸಾಧ್ಯವಾದರೆ ಶೀಟಿನ ಕೆಳಗೋ ಮರದ ಕೆಳಗೋ ನಿಲ್ಲಿಸಿ. ಜಾಗವಿಲ್ಲದಿದ್ದರೆ ಕಾರಿನ ಮೂತಿ ಪೂರ್ವಕ್ಕೆ ತಿರುಗಿಸಿ, ಬೆಳಗಿನ ಮೊದಲ ಬಿಸಿಲು ಮುಂದಿನ ಗಾಜಿಗೆ ಬೀಳುತ್ತದೆ. ಒಂದು ಒಣ ಬಟ್ಟೆ ತೆಗೆದುಕೊಂಡು ನಾಲ್ಕೂ ಬಾಗಿಲಿನ ಬೀಡಿಂಗ್, ಡಿಕ್ಕಿಯ ಬೀಡಿಂಗ್, ಅದು ತಾಗುವ ತಗಡು, ಎರಡನ್ನೂ ಒರೆಸಿ. ಕೆಳಭಾಗವನ್ನು ಮರೀಬೇಡಿ, ನೀರು ಇಳಿದು ನಿಲ್ಲೋದೇ ಅಲ್ಲಿ. ಐದು ನಿಮಿಷದ ಕೆಲಸ. ಇದೊಂದನ್ನು ಮಾಡಿದ್ದರೆ ನನ್ನ ರಬ್ಬರ್ ಉಳಿಯುತ್ತಿತ್ತು.

ಎರಡನೆಯದು ಸಿಲಿಕೋನ್. ಇದನ್ನು ಊರು ಬಿಡುವ ಮೊದಲೇ ಮನೆಯಲ್ಲಿ ಹಚ್ಚಿಕೊಳ್ಳೋದು ಒಳ್ಳೇದು. ಸ್ಪ್ರೇಯನ್ನು ನೇರವಾಗಿ ರಬ್ಬರಿಗೆ ಹೊಡೀಬೇಡಿ, ಅರ್ಧ ಸೀಟಿಗೂ ಗಾಜಿಗೂ ಬೀಳುತ್ತದೆ. ಮುಂದಿನ ಗಾಜಿಗೆ ಬಿದ್ದರೆ ಮಳೆಯಲ್ಲಿ ವೈಪರ್ ಓಡಿದಾಗ ಎಲ್ಲ ಕಲಸಿದಂತೆ ಕಾಣುತ್ತದೆ. ಪೆಡಲಿಗೆ ಬಿದ್ದರಂತೂ ಕಾಲು ಜಾರುತ್ತದೆ. ಬಟ್ಟೆಗೆ ಹೊಡೆದುಕೊಂಡು, ತೊಳೆದು ಒಣಗಿದ ರಬ್ಬರಿನ ಮೇಲೆ ತೆಳ್ಳಗೆ ಎಳೀಬೇಕು. ಸಿಲಿಕೋನ್ ನೀರನ್ನು ಹತ್ತಿರ ಸೇರಿಸಲ್ಲ. ಕೆಸುವಿನೆಲೆ ಮೇಲಿನ ಹನಿಯಂತೆ ನೀರು ಉರುಳಿಹೋಗುತ್ತದೆ. ಅಷ್ಟಿಷ್ಟು ಉಳಿದು ಗಟ್ಟಿಯಾದರೂ ಕಚ್ಚಿಕೊಳ್ಳೋಕೆ ಹಿಡಿತ ಸಿಗಲ್ಲ.

ಮೂರನೆಯದನ್ನು ಯಾರೂ ಹೇಳಿಕೊಡಲ್ಲ. ಐದು ಜನ ಕಿಟಕಿ ಮುಚ್ಚಿಕೊಂಡು ಇಡೀ ದಿನ ಕೂತು ಬಂದ ಕಾರಿನೊಳಗೆ ನಮ್ಮ ಉಸಿರಿನ ನೀರೆಲ್ಲ ಆವಿಯಾಗಿ ತುಂಬಿರುತ್ತದೆ. ಹಾಗೇ ಲಾಕ್ ಮಾಡಿದರೆ ಅದು ಗಾಜಿನ ಒಳಗಡೆ, ರಬ್ಬರಿನ ಒಳಗಡೆ ಹನಿಯಾಗಿ ಕೂರುತ್ತದೆ. ನಿಲ್ಲಿಸಿದ ಮೇಲೆ ಎರಡು ಬಾಗಿಲು ತೆಗೆದಿಟ್ಟು ಲಗೇಜ್ ಇಳಿಸಿ, ಒಳಗಿನ ಬಿಸಿ ಗಾಳಿ ಹೋಗಲಿ. ಒದ್ದೆ ಮ್ಯಾಟು, ಒದ್ದೆ ಛತ್ರಿ ಒಳಗೆ ಬಿಡಬೇಡಿ. ಓಡಿಸುವಾಗ ಗಾಳಿಯನ್ನು ಒಳಗೊಳಗೇ ಸುತ್ತಿಸುವ ಬಟನ್ ಆಫ್ ಇರಲಿ.

ಇಷ್ಟೆಲ್ಲ ಆಗಲಿಲ್ಲ, ಬೆಳಿಗ್ಗೆ ಬಾಗಿಲು ಬರುತ್ತಿಲ್ಲ ಅನ್ನಿ. ಆಗ ಆ ಹೋಂಸ್ಟೇಯವರ ಮಾತು. ಮೊದಲು ತಳ್ಳಿ. ಅಂಗೈಯನ್ನೋ ಸೊಂಟವನ್ನೋ ಬಾಗಿಲಿನ ಅಂಚಿಗೆ ಕೊಟ್ಟು ಒಳಕ್ಕೆ ಒತ್ತಿ, ಬಿಡಿ, ಮತ್ತೆ ಒತ್ತಿ. ಹಿಡಿಯ ಹತ್ತಿರ, ಮೇಲೆ, ಕೆಳಗೆ, ಸುತ್ತಲೂ. ಗುದ್ದಬಾರದು. ರಬ್ಬರ್ ಒತ್ತಿಕೊಂಡು ಹಿಗ್ಗುತ್ತದೆ, ಮಂಜುಗಡ್ಡೆ ಹಾಗೆ ಬಗ್ಗಲ್ಲ. ಅದು ಗಟ್ಟಿ, ಆದರೆ ಪೆಡಸು. ಹಪ್ಪಳದಂತೆ ಚಟಪಟ ಅಂತ ಒಡೆಯೋದು ಕಿವಿಗೇ ಕೇಳಿಸುತ್ತದೆ. ಆಮೇಲೆ ಮೆಲ್ಲಗೆ ಎಳೆದು ನೋಡಿ. ಬರಲಿಲ್ಲ ಅಂದರೆ ಬೇರೆ ಬಾಗಿಲು ಪ್ರಯತ್ನಿಸಿ, ಬಿಸಿಲು ಬಿದ್ದ ಕಡೆಯದು ಮೊದಲು ಬಿಡುತ್ತದೆ. ಯಾವುದಾದರೂ ಒಂದು ತೆರೆದರೆ ಸಾಕು. ಒಳಗೆ ನುಸುಳಿ ಎಂಜಿನ್ ಶುರು ಮಾಡಿ ಹೀಟರ್ ಹಾಕಿ ಕಾಯೋದು. ಮುಚ್ಚಿದ ಶೆಡ್ಡಿನಲ್ಲಿ ಮಾತ್ರ ಎಂಜಿನ್ ಓಡಿಸಬಾರದು, ಹೊಗೆ ಪ್ರಾಣಕ್ಕೇ ಅಪಾಯ.

ಕುದಿಯುವ ನೀರು ಸುರಿಯೋಣ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ತಣ್ಣಗಿನ ಗಾಜಿನ ಒಂದು ಕಡೆ ಮಾತ್ರ ಏಕಾಏಕಿ ಹಿಗ್ಗಿದರೆ ಬಿರುಕು ಬಿಡಬಹುದು. ಕಲ್ಲು ಸಿಡಿದ ಸಣ್ಣ ಗುರುತು ಮೊದಲೇ ಇದ್ದರಂತೂ ಅದು ಗೆರೆಯಾಗಿ ಉದ್ದಕ್ಕೂ ಓಡುತ್ತದೆ. ಒಡೆಯದೇ ಉಳಿದರೂ ಆ ನೀರು ಸಂದಿಗೆ ಇಳಿದು ಮತ್ತೆ ಗಟ್ಟಿಯಾಗುತ್ತದೆ, ಈ ಸಲ ಇನ್ನೂ ದಪ್ಪಗೆ. ಅವತ್ತು ನಮ್ಮನ್ನು ಕಾಪಾಡಿದ್ದು ಹಾಸಿಗೆಗೆ ಅಂತ ಕೊಟ್ಟಿದ್ದ ಬಿಸಿನೀರಿನ ರಬ್ಬರ್ ಚೀಲ. ಅದನ್ನು ಉಳಿದ ಬಾಗಿಲುಗಳ ಅಂಚಿಗೆ ಒತ್ತಿ ಹಿಡಿಯುತ್ತಾ ಹೋದೆವು. ಬಿಸಿ ಸಿಗುತ್ತದೆ, ನೀರು ತಾಗಲ್ಲ.

ಕಿಟಕಿಯ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ಗಾಜು ಬಾಗಿಲೊಳಗೆ ಇಳಿಯುವ ಜಾಗದಲ್ಲಿ ಎರಡು ಕಡೆ ರಬ್ಬರ್ ತುಟಿಗಳಿರುತ್ತವೆ. ಪಕ್ಕದಲ್ಲಿ, ಮೇಲೆ, ಗಾಜು ಓಡಾಡುವ ಚಾನೆಲ್ ಇರುತ್ತದೆ. ಇಷ್ಟೂ ಕಡೆ ನೀರು ಕೂತು ಗಟ್ಟಿಯಾಗಬಹುದು. ಬಾಗಿಲಾದರೆ ನಮ್ಮ ಕೈಗೆ ಎಷ್ಟು ಬಿಗಿ ಅಂತ ತಿಳಿಯುತ್ತದೆ, ಪವರ್ ವಿಂಡೋ ಮೋಟರಿಗೆ ಅದೆಲ್ಲ ಗೊತ್ತಾಗಲ್ಲ. ಬಟನ್ ಒತ್ತಿದರೆ ಅದು ಎಳೆಯುತ್ತದೆ. ಗಾಜು ಬರದಿದ್ದರೆ ಒಳಗಿನ ಪ್ಲಾಸ್ಟಿಕ್ ಕ್ಲಿಪ್ ಮುರಿಯುತ್ತದೆ, ಇಲ್ಲವೇ ಕೇಬಲ್ ಕಿತ್ತುಕೊಳ್ಳುತ್ತದೆ, ಇಲ್ಲವೇ ಫ್ಯೂಸ್ ಹೋಗುತ್ತದೆ. ಒಮ್ಮೆ ಒತ್ತಿ ಗಾಜು ಅಲುಗಾಡದಿದ್ದರೆ ಅಲ್ಲಿಗೆ ಬಿಟ್ಟುಬಿಡಿ. ಕಾರು ಬೆಚ್ಚಗಾದ ಮೇಲೆ ತಾನಾಗೇ ಇಳಿಯುತ್ತದೆ. ನಮ್ಮ ಕಾರಿನಲ್ಲಿ ಮೂರು ಗಾಜುಗಳು ಅರ್ಧ ಗಂಟೆಯಲ್ಲಿ ಸರಿಹೋದವು. ಎಡಗಡೆ ಹಿಂದಿನದು ಮಾತ್ರ ಗೂಡಲೂರು ಬರುವವರೆಗೂ ಮಿಸುಕಲಿಲ್ಲ. ಯಾಕೆ ಅಂತ ಆಗ ತಿಳಿಯಲಿಲ್ಲ.

ಮನೆಮದ್ದುಗಳ ಪಟ್ಟಿ ಉದ್ದವಿದೆ, ಹೆಚ್ಚಿನವು ಕೆಲಸಕ್ಕೆ ಬಾರದವು. ಕೊಬ್ಬರಿ ಎಣ್ಣೆ ಬೇಡ. ಅದು ಸುಮಾರು 24 ಡಿಗ್ರಿಗೇ ಗಟ್ಟಿಯಾಗುತ್ತದೆ, ಅದನ್ನು ಹಚ್ಚಿ ಬಾಗಿಲು ಅಂಟದಿರಲಿ ಅಂದರೆ ಹೇಗೆ? ಎಂಜಿನ್ ಆಯಿಲ್, ಗ್ರೀಸ್, ವ್ಯಾಸಲೀನ್ ಇವೂ ಬೇಡ. ಪೆಟ್ರೋಲಿಯಂನಿಂದ ಬಂದ ಜಿಡ್ಡು ಇಪಿಡಿಎಂ ರಬ್ಬರಿಗೆ ಆಗಿಬರಲ್ಲ, ಕ್ರಮೇಣ ಉಬ್ಬಿ ಮೆತ್ತಗಾಗುತ್ತದೆ. ವಿನೆಗರ್ ಸಲಹೆ ಕೊಡುವವರು ತುಂಬಾ ಜನ. ಅಂಗಡಿಯ ವಿನೆಗರಿನಲ್ಲಿ ನೂರಕ್ಕೆ 95 ಭಾಗ ನೀರೇ. ಅದು ಗಟ್ಟಿಯಾಗೋದು ಮೈನಸ್ 2ರ ಆಸುಪಾಸಿನಲ್ಲಿ. ಉಪ್ಪುನೀರು ಮಂಜುಗಡ್ಡೆ ಕರಗಿಸುತ್ತದೆ ನಿಜ, ಜೊತೆಗೆ ಬಾಡಿಯನ್ನೂ ತುಕ್ಕು ಹಿಡಿಸುತ್ತದೆ. ನಿಜಕ್ಕೂ ಕೆಲಸ ಮಾಡೋದು ಐಸೊಪ್ರೊಪೈಲ್ ಆಲ್ಕೊಹಾಲ್. ಅದು ಗಟ್ಟಿಯಾಗೋಕೆ ಮೈನಸ್ 89 ಡಿಗ್ರಿ ಬೇಕು. ಎರಡು ಪಾಲಿಗೆ ಒಂದು ಪಾಲು ನೀರು ಸೇರಿಸಿ ಸ್ಪ್ರೇ ಬಾಟಲಿಯಲ್ಲಿಟ್ಟುಕೊಂಡರೆ ಗಾಜಿನ ಮೇಲಿನ ಬಿಳಿ ಪದರ ಕರಗಿ ಇಳಿಯುತ್ತದೆ. ಕೀ ಹಾಕುವ ತೂತು ಕಟ್ಟಿಕೊಂಡಿದ್ದರೆ ಕೀಗೆ ಸ್ಯಾನಿಟೈಸರ್ ಸವರಿ ತೂರಿಸಿದರೂ ಸಾಕು, ಅದರಲ್ಲಿರೋದೂ ಆಲ್ಕೊಹಾಲೇ. ಬೆಂಕಿಯ ಹತ್ತಿರ ಮಾತ್ರ ಬೇಡ.

ನನ್ನ ಅಕ್ಕನ ಮಗ ಮಿನಿಯಾಪೊಲಿಸ್‌ನಲ್ಲಿದ್ದಾನೆ. ಊಟಿಯ ಕಥೆ ಹೇಳಿದರೆ ಬಿದ್ದು ಬಿದ್ದು ನಕ್ಕ. ಆಮೇಲೆ ಅವನು ಹೇಳಿದ ಮಾತು ನನಗೆ ಹೊಸದು. "ಮಾವ, ಇಲ್ಲಿ ಮೈನಸ್ 25ರ ದಿನ ಬಾಗಿಲು ಸಲೀಸಾಗಿ ತೆಗೀಬಹುದು. ತಾಪತ್ರಯ ಕೊಡೋದು ಮಧ್ಯಾಹ್ನ ಕರಗಿ ರಾತ್ರಿ ಗಟ್ಟಿಯಾಗೋ ದಿನಗಳು." ಯೋಚಿಸಿದರೆ ಸರಿಯಾಗಿದೆ. ಅಷ್ಟು ಚಳಿಯಲ್ಲಿ ಹಿಮ ಒಣಗಿದ ಪುಡಿ, ಹಿಟ್ಟಿನಂತೆ ಕೊಡವಿದರೆ ಹೋಗುತ್ತದೆ. ಸೊನ್ನೆಯ ಆಚೀಚೆ ತೂಗಾಡುವ ದಿನಗಳಲ್ಲಿ ಮಾತ್ರ ನೀರು ಸಂದಿಗೆ ಇಳಿಯೋದೂ ಉಂಟು, ಗಟ್ಟಿಯಾಗೋದೂ ಉಂಟು. ಊಟಿಯ ಜನವರಿ ಅಂಥದ್ದು. ಅವನ ಇನ್ನೊಂದು ಕಿವಿಮಾತು: ಸ್ಪ್ರೇ ಬಾಟಲಿಯನ್ನು ಕಾರಿನೊಳಗೆ ಇಡಬೇಡಿ. ಮೊದಲ ವರ್ಷ ಅವನು ಇಟ್ಟಿದ್ದನಂತೆ, ಬಾಗಿಲು ತೆರೆಯಲಿಲ್ಲ.

ಈಗ ಬೆಂಗಳೂರಿನಿಂದ ಮನಾಲಿವರೆಗೂ ಕಾರಿನಲ್ಲೇ ಹೋಗುವವರಿದ್ದಾರೆ. 2020ರ ಅಕ್ಟೋಬರಿನಲ್ಲಿ 9 ಕಿಲೋಮೀಟರ್ ಉದ್ದದ ಅಟಲ್ ಸುರಂಗ ತೆರೆದ ಮೇಲೆ ಚಳಿಗಾಲದಲ್ಲೂ ಸಿಸ್ಸು ಕಡೆ ಹೋಗುತ್ತಾರೆ. ಅಲ್ಲಿಗೆ ಇನ್ನೆರಡು ಮಾತು. ಒದ್ದೆ ರಸ್ತೆಯಲ್ಲಿ ಓಡಿಸಿ ಬಂದು ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ಹಿಂದಿನ ಬ್ರೇಕೂ ಹೀಗೇ ಅಂಟಿಕೊಳ್ಳುತ್ತದೆ. ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ಡೀಸೆಲ್ ಕಾರಾದರೆ ಬಯಲುಸೀಮೆಯಲ್ಲಿ ತುಂಬಿಸಿದ್ದರಲ್ಲೇ ಬೆಟ್ಟ ಹತ್ತಬೇಡಿ, ಅತಿ ಚಳಿಗೆ ಸಾದಾ ಡೀಸೆಲಿನಲ್ಲಿ ಮೇಣ ಕಟ್ಟುತ್ತದೆ. ಇಂಡಿಯನ್ ಆಯಿಲ್ 2019ರಲ್ಲಿ ಲಡಾಖಿಗೆಂದೇ ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಡೀಸೆಲ್ ತಂದದ್ದು ಇದಕ್ಕೇ.

ಬೆಂಗಳೂರು ಬಿಟ್ಟು ಎಲ್ಲೂ ಹೋಗಲ್ಲ ಅನ್ನುವವರಿಗೂ ಒಂದು ಕೆಲಸವಿದೆ. ಮಳೆನೀರು ಗಾಜಿನ ಪಕ್ಕದ ರಬ್ಬರಿನಿಂದ ಸ್ವಲ್ಪ ಬಾಗಿಲೊಳಗೆ ಇಳಿದೇ ಇಳಿಯುತ್ತದೆ. ಕಾರು ಮಾಡುವವರಿಗೆ ಇದು ಗೊತ್ತು, ಅದಕ್ಕೇ ಬಾಗಿಲಿನ ತಳದ ಅಂಚಿನಲ್ಲಿ ಎರಡು ಮೂರು ಸಣ್ಣ ತೂತು ಬಿಟ್ಟಿರುತ್ತಾರೆ. ನಮ್ಮ ರಸ್ತೆಯ ಧೂಳು, ಒಣಗಿದ ಹೂವಿನ ಎಸಳು ಸೇರಿ ಅವು ಮುಚ್ಚಿಹೋಗುತ್ತವೆ. ಆಮೇಲೆ ನೀರು ಬಾಗಿಲೊಳಗೇ ನಿಲ್ಲುತ್ತದೆ. ತಗಡು ಒಳಗಿಂದ ತುಕ್ಕು ಹಿಡಿಯುತ್ತದೆ, ಬಾಗಿಲು ಹಾಕಿದಾಗ ಒಳಗೆ ಗುಳುಗುಳು ಸದ್ದು ಬರುತ್ತದೆ.

ಜೆ.ಸಿ. ರೋಡಿನ ಅಂಗಡಿಯವರು ಬೀಡಿಂಗ್ ಸುತ್ತಿ ಕೊಡುವಾಗ ಇದನ್ನು ಹೇಳಿದರು. ಮನೆಗೆ ಬಂದು, ಹಂಚಿಕಡ್ಡಿ ತೆಗೆದುಕೊಂಡು, ಮಂಡಿಯೂರಿ ಕೂತು ಒಂದೊಂದೇ ತೂತು ಚುಚ್ಚುತ್ತಾ ಬಂದೆ. ಮೂರು ಬಾಗಿಲುಗಳಿಂದ ಬರೀ ಧೂಳು ಉದುರಿತು. ಎಡಗಡೆ ಹಿಂದಿನ ಬಾಗಿಲಿಗೆ ಕಡ್ಡಿ ಹಾಕಿದ ಕೂಡಲೇ ಕಪ್ಪು ನೀರು ಧಾರೆ ಕಟ್ಟಿತು. ಲೋಟ ಹಿಡಿದಿದ್ದರೆ ಅರ್ಧ ತುಂಬುತ್ತಿತ್ತು. ಕೊನೆಗೆ ಎರಡು ಹೊಂಗೆ ಹೂವೂ ಜಾರಿ ಬಂದವು.